ಖಾಲಿ ಇಟ್ಟಿದ್ದೆ ಎಂದ ಮೇಸ್ತ್ರಿ

ನನ್ನ ಅಣ್ಣ ಇಪ್ಪತ್ತೇಳು ವರ್ಷ ದೋಣಿಗಳ ನಡುವೆ ಬಾಳಿದವನು. ಆದರೆ ದೋಣಿಯಲ್ಲಿ ಕುಳಿತು ನೀರಿನ ಮೇಲೆ ಹೋದದ್ದು ಮೂರೇ ಸಲ. ಮೂರು ಸಲವೂ ವಾಂತಿ ಮಾಡಿಕೊಂಡು ಮರಳಿದ. ದೋಣಿ ನಿಲ್ಲುವ ಧಕ್ಕೆಯ ಜನ ಅವನನ್ನು 'ಈಜು ಬಾರದ ಮೀನು' ಎಂದು ಆಡಿಕೊಳ್ಳುತ್ತಿದ್ದರು. ಅದಕ್ಕೆ ಅವನ ಉತ್ತರ ಸದಾ ಒಂದೇ: "ಹಸು ಸಾಕೋನು ಹಸು ಮೇಲೆ ಸವಾರಿ ಮಾಡ್ತಾನೇನ್ರಯ್ಯಾ?"

ಮಾತು ಸುಳ್ಳಾಗಿರಲಿಲ್ಲ. ದೋಣಿ ನಿಲ್ದಾಣದ ಹಿಂಬದಿಯ ದೊಡ್ಡ ಗೋದಾಮು ಒಂದು ಬಗೆಯಲ್ಲಿ ಕೊಟ್ಟಿಗೆಯೇ ಆಗಿತ್ತು. ಕಡಲು ಕೆರಳುವ ಮೂರು ತಿಂಗಳು ದೋಣಿಗಳನ್ನು ಕ್ರೇನಿನಿಂದ ಎತ್ತಿ ತಂದು ಕಬ್ಬಿಣದ ಅಟ್ಟಣಿಗೆಗಳ ಮೇಲೆ ಮೂರು ಅಂತಸ್ತಿನಲ್ಲಿ ಇಡುತ್ತಿದ್ದರು. ತಗಡಿನ ಚಾವಣಿ, ಸಿಮೆಂಟಿನ ನೆಲ, ಗೋಡೆಯ ಪಕ್ಕದಲ್ಲಿ ಗಾಜಿನ ಕಿಟಕಿಯ ಒಂದು ಸಣ್ಣ ಆಫೀಸು. ಅಲ್ಲಿಯ ದೋಣಿಗಳಲ್ಲಿ ಹೆಚ್ಚಿನವು ವಿಹಾರಕ್ಕೆಂದು ಇಟ್ಟುಕೊಂಡವು. ಅವುಗಳ ಒಡೆಯರು ವರ್ಷಕ್ಕೆ ಆರೇಳು ಸಲ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಅವಕ್ಕೆ ತಾಯಿ, ತಂದೆ, ವೈದ್ಯ ಎಲ್ಲವೂ ಅಣ್ಣನೇ. ಬೆಳಿಗ್ಗೆ ಏಳಕ್ಕೆ ಹೋಗಿ ಒಂದೊಂದರ ತಳವನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಒಳಗೆ ನೀರು ಹಿಡಿದಿದ್ದರೆ ಸದ್ದು ಮಂದವಾಗುತ್ತದಂತೆ. ನಾನೂ ಒಮ್ಮೆ ತಟ್ಟಿ ನೋಡಿದೆ. ನನಗೆ ಎಲ್ಲವೂ ಬಾಗಿಲು ತಟ್ಟಿದ ಸದ್ದೇ.

ಅವನಿಗೆ ಒಂದು ನಿಷ್ಠೆಯಿತ್ತು, ಹಟವೆಂದರೂ ತಪ್ಪಿಲ್ಲ. ಅಟ್ಟಕ್ಕೇರುವ ಮುನ್ನ ಪ್ರತಿ ದೋಣಿಯ ಡೀಸೆಲ್ ಟ್ಯಾಂಕನ್ನೂ ಕಂಠಪೂರ್ತಿ ತುಂಬಿಸಲೇಬೇಕು. ಟ್ಯಾಂಕಿನಲ್ಲಿ ಖಾಲಿ ಜಾಗ ಉಳಿದರೆ ತಂಪಿಗೆ ಒಳಗೋಡೆ ಬೆವರುತ್ತದೆ, ಬೆವರು ಹನಿಯಾಗಿ ತಳಕ್ಕಿಳಿಯುತ್ತದೆ, ಮೂರು ತಿಂಗಳ ಬಳಿಕ ಚಾಲೂ ಮಾಡಿದಾಗ ಇಂಜಿನ್ ನೀರು ಕುಡಿದು ಕೆಮ್ಮುತ್ತದೆ. "ಖಾಲಿ ಹೊಟ್ಟೆಗೆ ಬೆವರು ಜಾಸ್ತಿ" ಎಂಬುದು ಅವನ ಗಾದೆ. ಡೀಸೆಲ್ ತರಿಸಿಕೊಡುತ್ತಿದ್ದವನು ಗೋದಾಮಿನ ಯಜಮಾನ. ಒಡೆಯರಿಗೆ ಕಳಿಸುವ ಬಿಲ್ಲಿನಲ್ಲಿ ಬಾಡಿಗೆ, ವಿಮೆಯ ಕಂತು, ಡೀಸೆಲ್ ಮೂರೂ ಸೇರಿರುತ್ತಿದ್ದವು. ಅಷ್ಟೂ ದೋಣಿಗಳಿಗೆ ಸೇರಿ ಒಂದೇ ಪಾಲಿಸಿ. ಅದರ ಕಾಗದಗಳು ಯಜಮಾನನ ಡ್ರಾಯರಿನಲ್ಲಿದ್ದವು. ಅವನ್ನು ಓದಿದವರಿರಲಿಲ್ಲ, ಓದಬೇಕಾದವನು ಯಜಮಾನ.

ಆ ಗೋದಾಮಿನಲ್ಲಿ ಹೊಟ್ಟೆಪಾಡಿನ ದೋಣಿಯೆಂದರೆ ಒಂದೇ. ಅದು ದೋಣಿಯಕ್ಕನದು. ಹೊಳೆ ಕಡಲು ಸೇರುವಲ್ಲಿ ಈಚೆ ದಡದಿಂದ ಆಚೆ ದಡಕ್ಕೆ ಕೆಲಸಗಾರರನ್ನೂ ಶಾಲೆಯ ಮಕ್ಕಳನ್ನೂ ದಾಟಿಸುತ್ತಿದ್ದಳು. ಗಂಡ ಸತ್ತ ಹದಿನೈದನೆಯ ದಿನಕ್ಕೆ ಚುಕ್ಕಾಣಿ ಹಿಡಿದವಳು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಓದುವ ಇಬ್ಬರು ಹೆಣ್ಣುಮಕ್ಕಳು. ಅಲೆಗಳ ಮೂರು ತಿಂಗಳು ಬಲೆ ಹೆಣೆದು ದಿನ ತಳ್ಳುತ್ತಿದ್ದಳು. ಟ್ಯಾಂಕ್ ತುಂಬಿಸುವ ದಿನ ಅವಳೇ ಬಂದು ಕೊಳವೆ ಹಿಡಿದು ನಿಲ್ಲುತ್ತಿದ್ದಳು.

"ಮೇಸ್ತ್ರಿ, ಮೂರ್ ತಿಂಗ್ಳು ಮಲಗೋ ದೋಣಿಗೆ ಇಷ್ಟು ಊಟ. ನನ್ ಹೊಟ್ಟೆನೂ ಹಿಂಗೆ ತುಂಬ್ಸಿ ಮಲಗ್ಸೋರು ಯಾರಾದ್ರೂ ಇದ್ದಿದ್ರೆ!"

"ನಿನ್ ಹೊಟ್ಟೆ ತುಂಬಿದ್ರೆ ನೀನು ಮಲಗ್ತೀಯಾ? ಬಾಯಿಗೆ ಇನ್ನೂ ಬಲ ಬರುತ್ತೆ. ಕೊಳವೆ ನೆಟ್ಟಗೆ ಹಿಡಿ."

ಆ ಕಾಲದಲ್ಲಿ ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತಿದ್ದೆ. ಅತ್ತಿಗೆ ತೀರಿಕೊಂಡಿದ್ದಳು, ಅಣ್ಣನಿಗೂ ನನಗೂ ಎರಡು ಕೋಣೆಯ ಒಂದೇ ಮನೆ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸಂಜೆ ಶಾಲೆಗೆ ಸೇರಿ ಅಕ್ಷರ ಕಲಿತೆ. ದಿನಕ್ಕೊಂದು ಪುಟ ಬರೆಯಬೇಕೆಂದು ಮಾಸ್ತರರು ವಿಧಿಸಿದ್ದರು. ಏನು ಬರೆಯಲಿ ಎಂದು ಕೇಳಿದಾಗ ಅಣ್ಣ, "ನಾನು ಹೇಳ್ತೀನಿ, ನೀನು ಬರಿ ಟೀಚರಮ್ಮ" ಎಂದ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅವನು ಆ ದಿನ ನೋಡಿದ ದೋಣಿಗಳ ಯೋಗಕ್ಷೇಮ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಯಾವ ಸಾಲು, ಯಾವ ಅಂತಸ್ತು, ತಳದ ಸದ್ದು ಹೇಗಿತ್ತು, ಯಾವ ಹಗ್ಗ ಸವೆದಿದೆ. ಕೊನೆಗೆ ತಪ್ಪದೆ, "ಟ್ಯಾಂಕ್ ಕಂಠಪೂರ್ತಿ. ಅದರ ಕೆಳಗೆ ಒಂದು ಗೆರೆ ಎಳಿ" ಎನ್ನುತ್ತಿದ್ದ. ಶಾಲೆಯ ಪರೀಕ್ಷೆ ಮುಗಿದ ಮೇಲೂ ಆ ರೂಢಿ ನಿಲ್ಲಲಿಲ್ಲ. ನೀಲಿ ರಟ್ಟಿನ ಒಂಬತ್ತು ಪುಸ್ತಕಗಳಾದವು. ಒಂಬತ್ತನೆಯದರಲ್ಲಿ ಒಂದು ಸಾಲು ಮೂರು ಬೇರೆ ಬೇರೆ ದಿನ ಬಂದಿದೆ: 'ಆಫೀಸಿನ ಗೋಡೆಯ ಕರೆಂಟ್ ಬೋರ್ಡಿನಿಂದ ಸುಟ್ಟ ವಾಸನೆ. ಯಜಮಾನರಿಗೆ ಹೇಳಿದೆ.'

ಬೆಂಕಿ ಹೊತ್ತಿಕೊಂಡದ್ದು ವಾರದ ರಜೆಯ ದಿನ, ಮಧ್ಯಾಹ್ನ ಎರಡರ ಸುಮಾರಿಗೆ, ಆ ಬೋರ್ಡಿನಿಂದಲೇ. ಒಳಗೆ ಯಾರೂ ಇರಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ. ನಾವು ಓಡಿ ತಲುಪುವಾಗ ಚಾವಣಿಯ ತಗಡುಗಳು ಹಪ್ಪಳದಂತೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಫೈಬರಿನ ದೋಣಿಗಳು ಉರಿಯುವುದಕ್ಕೆ ಮೊದಲು ಮೇಣದಂತೆ ಬಾಗಿ ಕೆಳಗಿನ ಅಂತಸ್ತಿನ ಮೇಲೆ ಜೋಲುತ್ತವೆ ಎಂಬುದನ್ನು ನಾನು ಅಂದು ಕಂಡೆ. ಅಣ್ಣ ಬೇಲಿಯ ಕಂಬಿ ಹಿಡಿದು, ಸಾಲಿನ ಕ್ರಮ ತಪ್ಪದಂತೆ ದೋಣಿಗಳನ್ನು ಒಂದೊಂದಾಗಿ ಹೆಸರಿಸುತ್ತ ನಿಂತಿದ್ದ. ಮೂವತ್ತೆರಡು ಇದ್ದವು. ಸಂಜೆಯ ಹೊತ್ತಿಗೆ ಒಂದೂ ಉಳಿಯಲಿಲ್ಲ. ಮರುದಿನ ದೋಣಿಯಕ್ಕ ಬೂದಿಯಲ್ಲಿ ಕಾಲಿಂದ ಕೆದಕಿ ತನ್ನ ಇಂಜಿನ್ನನ್ನು ಗುರುತಿಸಿದಳು. ಬೆಲ್ಲದ ಅಚ್ಚು ಕರಗಿ ಮತ್ತೆ ಗಟ್ಟಿಯಾದಂತಹ ಒಂದು ಮುದ್ದೆ. ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅಳದೆ, "ಇದಕ್ಕೆ ವಿಮೆ ಇದೆ ಅಲ್ವಾ ಮೇಸ್ತ್ರಿ?" ಎಂದು ಕೇಳಿದಳು.

"ಇದೆ. ಕಂತು ಕಟ್ಟಿದ್ದೀಯಲ್ಲ. ಬರುತ್ತೆ."

ವಿಮೆ ಕಂಪನಿಯ ಕಾಗದ ಹತ್ತನೆಯ ದಿನಕ್ಕೆ ಬಂತು. ಪಾಲಿಸಿಯ ಪ್ರತಿಯೂ ಜೊತೆಗಿತ್ತು. ಯಜಮಾನ ಆಗ ಮೊದಲ ಬಾರಿಗೆ ಅದನ್ನು ಪೂರ್ತಿ ಓದಿದನೆಂದು ಕಾಣುತ್ತದೆ. ಅದೇ ಸಂಜೆ ನಮ್ಮ ಮನೆಗೆ ಬಂದ. ಅದಕ್ಕೆ ಮೊದಲು ಅವನು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಕೈಯಲ್ಲಿದ್ದ ಕಾಗದವನ್ನು ಮಡಿಸುತ್ತ ಬಿಚ್ಚುತ್ತ ವಿಷಯ ತಿಳಿಸಿದ. ದೋಣಿಗಳನ್ನು ಗೋದಾಮಿನಲ್ಲಿ ಇರಿಸಿದ ಅವಧಿಯಲ್ಲಿ ಇಂಧನದ ಟ್ಯಾಂಕುಗಳನ್ನು ಬರಿದು ಮಾಡಿರಬೇಕು. ಮಾಡದಿದ್ದಲ್ಲಿ ಬೆಂಕಿಯ ನಷ್ಟಕ್ಕೆ ಪರಿಹಾರವಿಲ್ಲ. ಪಾಲಿಸಿ ಒಂದೇ ಆದ್ದರಿಂದ ಒಂದು ಟ್ಯಾಂಕ್ ತುಂಬಿತ್ತೆಂದು ಸಾಬೀತಾದರೂ ಯಾರಿಗೂ ಇಲ್ಲ.

ಅಣ್ಣ, "ಖಾಲಿ ಇಡೋದಾ? ಯಾವ ಮುಟ್ಠಾಳ ಬರ್ದಿದ್ದು ಇದನ್ನ?" ಎಂದ.

"ಯಾರೋ ಬರ್ದಿದ್ದಾನೆ ಬಿಡಿ ಮೇಸ್ತ್ರಿ. ಟ್ಯಾಂಕೆಲ್ಲ ಒಡೆದು ಕರಗಿ ಹೋಗಿದೆ, ನೋಡಿ ಹೇಳೋ ಹಂಗಿಲ್ಲ. ಉಸ್ತುವಾರಿ ನೋಡ್ಕೊಂಡೋರ ಹೇಳಿಕೆ ಕೇಳ್ತಾರೆ. ನೀವು ಖಾಲಿ ಇತ್ತು ಅಂದ್ಬಿಟ್ರೆ ಮುಗೀತು."

"ಬಿಲ್ಲು?"

"ಆಫೀಸಿನ ಜೊತೆ ಬೂದಿ ಆಯ್ತಲ್ಲ." ಯಜಮಾನ ಸುತ್ತ ಒಮ್ಮೆ ನೋಡಿದ. "ನಿಮ್ಮ ಹತ್ರ ಪುಸ್ತಕ ಗಿಸ್ತಕ ಏನಾದ್ರೂ ಇದ್ಯಾ?"

"ಓದೋಕೆ ಬರ್ದೇ ಇರೋನ ಹತ್ರ ಪುಸ್ತಕ ಯಾಕಿರುತ್ತೆ ಸಾರ್?"

ಒಂಬತ್ತು ಪುಸ್ತಕಗಳು ಯಜಮಾನನ ತಲೆಯ ಮೇಲಿನ ಹಲಗೆಯಲ್ಲಿ, ಬೇಳೆಯ ಡಬ್ಬಿಗಳ ಪಕ್ಕದಲ್ಲೇ ಇದ್ದವು.

ಯಜಮಾನ ಹೋದ ಮೇಲೆ ಅಣ್ಣ ಹೇಳಿದ: "ನಾನು ಹೇಳಲ್ಲ. ಖಾಲಿ ಬಿಟ್ಟೆ ಅಂತ ಸಹಿ ಹಾಕಿದ್ರೆ ಇಪ್ಪತ್ತೇಳು ವರ್ಷ ನಾನು ಕೆಲಸಾನೇ ಮಾಡ್ಲಿಲ್ಲ ಅಂತ ಸಹಿ ಹಾಕ್ದಂಗೆ."

ಇಲ್ಲಿ ನನ್ನ ಪಾಲನ್ನು ನಾನು ಮುಚ್ಚಿಡಲಾರೆ. ನಾನು ಸುಳ್ಳನ್ನು ಸಹಿಸದವಳೆಂದು ಲಾಂಡ್ರಿಯಲ್ಲಿ ಹೆಸರು ಪಡೆದಿದ್ದೆ. ಆದರೂ ಅಂದು ಅವನ ಎದುರು ಕುಳಿತು ಹೇಳಿದೆ: "ಮೂವತ್ತೊಂದು ಜನಕ್ಕೆ ಇನ್ನೊಂದು ದೋಣಿ ಹೇಗಾದ್ರೂ ಬರುತ್ತೆ ಅಣ್ಣ. ಮೂವತ್ತೆರಡನೇದಕ್ಕೆ ಬರಲ್ಲ. ಅವಳ ಅತ್ತೆ, ಆ ಇಬ್ರು ಹುಡುಗೀರು, ಏನ್ ಮಾಡ್ತಾರೆ? ನಿನ್ನ ಹೆಸರನ್ನ ಬೇಯಿಸ್ಕೊಂಡು ತಿಂತಾರಾ?"

"ನೀನೇ ಬರ್ದಿದ್ದೀಯಲ್ಲೇ ಎಲ್ಲಾನೂ. ಗೆರೆ ಎಳೆದು."

"ಬರ್ದಿದ್ದು ನಾನೂ ನೀನೂ ಬಿಟ್ರೆ ಯಾರಿಗೂ ಗೊತ್ತಿಲ್ಲ."

ಅವನು ಎದ್ದು ಹೋಗಿ ಹಿತ್ತಲ ನಲ್ಲಿಯಲ್ಲಿ ಕೈ ತೊಳೆದ. ಕೈಯಲ್ಲಿ ಕೊಳೆ ಏನೂ ಇರಲಿಲ್ಲ. ಒಳಗೆ ಬಂದವನು ಅಂದದ್ದು ಇಷ್ಟೇ: "ಹೇಳಿಕೆ ನೀನೇ ಬರಿ. ನಿನ್ನ ಅಕ್ಷರ ಚೆನ್ನಾಗಿದೆ."

ಬರೆದೆ. ಯಾವ ಅಕ್ಷರದಲ್ಲಿ ಒಂಬತ್ತು ಪುಸ್ತಕ ತುಂಬಿಸಿದ್ದೆನೋ ಅದೇ ಅಕ್ಷರದಲ್ಲಿ, 'ಎಲ್ಲ ಟ್ಯಾಂಕುಗಳನ್ನೂ ಬರಿದು ಮಾಡಿ ಇರಿಸಲಾಗಿತ್ತು' ಎಂದು ಬರೆದೆ. ಒಂದು ಚಿತ್ತೂ ಇಲ್ಲದೆ ಬರೆದೆ.

ವಿಮೆಯ ಪರವಾಗಿ ಬಂದ ಸರ್ವೇಯರು ಸಣಕಲು ಮನುಷ್ಯ. ಹೆಗಲಲ್ಲಿ ಬಟ್ಟೆಯ ಚೀಲ, ಮೆತ್ತನೆಯ ಮಾತು. ಸುಟ್ಟ ಗೋದಾಮಿನ ಅಂಗಳದಲ್ಲಿ ಒಂದು ಮೇಜು ಹಾಕಿಸಿಕೊಂಡು ಕುಳಿತಿದ್ದರು. ಯಜಮಾನ ಒಂದು ಪಕ್ಕದಲ್ಲಿ, ಹೇಳಿಕೆ ಕೊಡಲು ಬಂದ ಏಳೆಂಟು ಒಡೆಯರು ಇನ್ನೊಂದು ಪಕ್ಕದಲ್ಲಿ, ಎಲ್ಲರಿಗಿಂತ ಹಿಂದೆ ದೋಣಿಯಕ್ಕ. ನಾನು ಅಣ್ಣನ ಬೆನ್ನ ಹಿಂದೆ ನಿಂತಿದ್ದೆ. ಸರ್ವೇಯರು ಹೇಳಿಕೆಯನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು ಅಣ್ಣನನ್ನು ನೋಡಿದರು.

"ಮೇಸ್ತ್ರಿ, ಒಂದು ಕೇಳ್ಲಾ? ನಮ್ಮ ತಂದೆಯೂ ದೋಣಿ ರಿಪೇರಿಯವರೇ. ಮೂರು ತಿಂಗಳು ಖಾಲಿ ಟ್ಯಾಂಕ್ ಇಟ್ರೆ ಒಳಗೆ ಬೆವರಲ್ವಾ? ಇಂಜಿನ್ ಹಾಳಾಗಲ್ವಾ?"

ಅಣ್ಣನಿಗೆ ಈ ಪ್ರಶ್ನೆಯನ್ನು ಇಪ್ಪತ್ತೇಳು ವರ್ಷಗಳಲ್ಲಿ ಯಾವ ಒಡೆಯನೂ ಕೇಳಿರಲಿಲ್ಲ. ಕೇಳಲಿ ಎಂದು ಅವನು ಕಾದಿದ್ದ; ಉತ್ತರವೂ ನಾಲಿಗೆಯ ಮೇಲೆಯೇ ಇತ್ತು.

"ನಿಮ್ಮ ತಂದೆಯವರು ಕೆಲಸ ಬಲ್ಲವರು ಸಾರ್," ಎಂದ. "ನಾವು ಏನೋ ಹೊಟ್ಟೆಪಾಡಿಗೆ ಮಾಡೋರು. ಅಷ್ಟೆಲ್ಲ ಗೊತ್ತಾಗಲ್ಲ."

"ಹಾಗಾದ್ರೆ ಖಾಲಿ ಇಟ್ಟಿದ್ರಿ."

"ಇಟ್ಟಿದ್ದೆ."

"ಮೂವತ್ತೆರಡೂ?"

"ಮೂವತ್ತೆರಡೂ."

ಸರ್ವೇಯರು ಕನ್ನಡಕ ಹಾಕಿಕೊಂಡು, ಶಾಯಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. ಅಣ್ಣ ಹೆಬ್ಬೆಟ್ಟು ಒತ್ತಿದ.

ನಾಲ್ಕು ತಿಂಗಳಿಗೆ ಪರಿಹಾರ ಮಂಜೂರಾಯಿತು. ದೋಣಿಯಕ್ಕ ಹೊಸ ದೋಣಿ ತಂದಳು. ಹಳೆಯದಕ್ಕಿಂತ ಒಂದು ಮೊಳ ಸಣ್ಣದು. ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಮಂಜೂರಾತಿಯ ಜೊತೆ ಸರ್ವೇಯರ ವರದಿಯ ಪ್ರತಿ ಎಲ್ಲ ಒಡೆಯರಿಗೂ ಹೋಗಿತ್ತು. ಅದನ್ನು ಓದುವವರು ಒಬ್ಬರಿದ್ದರು. ಹಲ್ಲಿನ ಡಾಕ್ಟರು. ಹಣ ಕೈಸೇರಿದ ಮೇಲೆ ವರದಿ ಹಿಡಿದು ಧಕ್ಕೆಗೆ ಬಂದರು. ಅಣ್ಣ ಸುಟ್ಟ ತಗಡುಗಳನ್ನು ಲಾರಿಗೆ ಏರಿಸುತ್ತಿದ್ದ.

"ಪ್ರತಿ ವರ್ಷ ಫುಲ್ ಟ್ಯಾಂಕ್ ಡೀಸೆಲ್‌ಗೆ ದುಡ್ಡು ಕೊಟ್ಟಿದ್ದೀನಿ. ಇಲ್ಲಿ ನೋಡಿದ್ರೆ ಖಾಲಿ ಇಟ್ಟಿದ್ದೆ ಅಂತ ಇವನೇ ಹೆಬ್ಬೆಟ್ಟು ಒತ್ತಿದ್ದಾನೆ. ನನ್ನ ಡೀಸೆಲ್ ಎಲ್ರೀ ಹೋಯ್ತು?"

ಅವರು ಕೇಳಿದ್ದು ಯಜಮಾನನನ್ನು. ನಾವು ಮೂವರು ಕುಳಿತು ಯೋಚಿಸಿದಾಗ ಒಬ್ಬರಿಗೂ ಹೊಳೆಯದೆ ಹೋದದ್ದು ಇದೇ. ಟ್ಯಾಂಕ್ ಖಾಲಿಯಿತ್ತೆಂದರೆ, ತುಂಬಿಸಲೆಂದು ಪಡೆದ ಡೀಸೆಲನ್ನು ಯಾರೋ ಕದ್ದಿರಬೇಕು. ಯಜಮಾನ ಅಣ್ಣನ ಕಡೆ ನೋಡಲಿಲ್ಲ. ಕ್ರೇನಿನ ಕಡೆ ನೋಡಿದ.

"ನಾನೇನು ಪ್ರತಿ ಟ್ಯಾಂಕಿಗೂ ಮೂಗಿಟ್ಟು ನೋಡ್ತೀನಾ ಡಾಕ್ಟ್ರೇ? ನಂಬಿ ಬಿಟ್ಟಿದ್ದೆ. ಮನುಷ್ಯರನ್ನ ನಂಬಬಾರದು."

ಅಣ್ಣ ಕೈಯಲ್ಲಿದ್ದ ತಗಡನ್ನು ಲಾರಿಯಲ್ಲಿಟ್ಟು, ಇನ್ನೊಂದನ್ನು ತರಲು ಹೋದ. ಆ ದಿನ ಇಪ್ಪತ್ತು ತಗಡು ಏರಿಸಿ, ಕೂಲಿ ಪಡೆದು, ಮನೆಗೆ ಬಂದ. ಮರುದಿನ ಬರುವುದು ಬೇಡವೆಂದು ಹೇಳಿ ಕಳಿಸಿದ್ದರು. ಅಷ್ಟು ಹೊತ್ತಿಗಾಗಲೇ ಅವನಿಗೆ 'ಡೀಸೆಲ್ ಮೇಸ್ತ್ರಿ' ಎಂಬ ಹೆಸರು ಬಿದ್ದಿತ್ತು.

ನಾನು ಒಂಬತ್ತನೆಯ ಪುಸ್ತಕವನ್ನು ಹಲಗೆಯಿಂದ ಕೆಳಗಿಳಿಸಿದೆ. "ಇದನ್ನ ಡಾಕ್ಟ್ರ ಮೇಜಿನ ಮೇಲೆ ಹಾಕಿ ಬರ್ತೀನಿ. ಬೋರ್ಡಿನ ವಿಷಯಾನೂ ಓದ್ಲಿ. ಯಾರು ಕಳ್ಳ ಅಂತ ಗೊತ್ತಾಗ್ಲಿ" ಎಂದೆ.

"ಹಾಕು. ವಿಮೆಯವರು ಕೊಟ್ಟಿದ್ದನ್ನ ವಾಪಸ್ ಕೇಳ್ತಾರೆ. ಡಾಕ್ಟ್ರು ಕೊಡ್ತಾರೆ. ಅಕ್ಕ ಏನ್ ಕೊಡ್ತಾಳೆ? ದೋಣಿ ಕೊಡ್ತಾಳೆ." ಅವನು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಹಲಗೆಯ ಮೇಲಿಟ್ಟ. "ಅವತ್ತು ನನಗೆ ಬುದ್ಧಿ ಹೇಳ್ದೆ. ಇವತ್ತು ಅದನ್ನೇ ನೀನು ಕೇಳಿಸ್ಕೋ ಟೀಚರಮ್ಮ."

ಬಸ್ ಡಿಪೋದಲ್ಲಿ ಕೆಲಸ ಕೇಳಿದಾಗ, "ಇಲ್ಲೂ ಡೀಸೆಲ್ ಇದೆಯಲ್ಲಪ್ಪ" ಎಂದು ನಕ್ಕು ಕಳಿಸಿದರು. ಕೊನೆಗೆ ಪೀಠೋಪಕರಣದ ಅಂಗಡಿಯೊಂದರಲ್ಲಿ ಕುರ್ಚಿಗಳಿಗೆ ಮರಳುಕಾಗದ ಉಜ್ಜುವ ಕೆಲಸ ಸಿಕ್ಕಿತು. ಕುರ್ಚಿಗಳನ್ನೂ ಗೆಣ್ಣಿನಿಂದ ತಟ್ಟಿ ನೋಡುತ್ತಾನೆಂದು ಅಲ್ಲಿಯವರು ನಗುತ್ತಿದ್ದರು.

ದೋಣಿಯಕ್ಕನಿಗೆ ಎಲ್ಲವೂ ತಿಳಿದಿತ್ತು. ಕೊಳವೆ ಹಿಡಿದು ನಿಂತವಳು ಅವಳೇ. ಆದರೆ ಬಾಯಿ ಬಿಟ್ಟರೆ ದೋಣಿ ಹೋಗುತ್ತದೆ. ಹಾಗಾಗಿ ದಾರಿಯಲ್ಲಿ ಅಣ್ಣನನ್ನು ಕಂಡರೆ ಎದುರು ಬದಿಗೆ ದಾಟುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಅಣ್ಣ ಮಾತ್ರ, "ಅವಳಿಗೆ ನನ್ನ ಮುಖ ನೋಡೋಕಾಗಲ್ಲ ಕಣೇ. ನಾಚಿಕೆ ಇಲ್ದೆ ನೋಡೋರು ಯಜಮಾನ್ರು" ಎನ್ನುತ್ತಿದ್ದ.

ಯಜಮಾನ ಮತ್ತೆ ಕಟ್ಟಿಸಿದ ಹೊಸ ಗೋದಾಮಿನಲ್ಲಿ ನಿಯಮದ ಪ್ರಕಾರ ಟ್ಯಾಂಕುಗಳನ್ನು ಬರಿದು ಮಾಡಿ ಇಡುತ್ತಿದ್ದರು. ಎರಡನೆಯ ವರ್ಷ ದೋಣಿಯಕ್ಕನ ಇಂಜಿನ್ ಕೆಮ್ಮಲು ಹಿಡಿಯಿತು. ಅವಳು ಜನರನ್ನು ಹತ್ತಿಸಿಕೊಳ್ಳುವ ಕಟ್ಟೆಗೆ ನಮ್ಮ ಮನೆ ಹತ್ತಿರ. ಅಣ್ಣ ಆಗ ಎದೆಯ ಕಾಯಿಲೆಯಿಂದ ಮಲಗಿದ್ದ. ಬೆಳಿಗ್ಗೆ ಆರೂವರೆಗೆ ಮೊದಲ ದೋಣಿ ಹೊರಡುವಾಗ ಕಣ್ಣು ಮುಚ್ಚಿಕೊಂಡೇ ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದ. "ಬೆವರು ಕುಡ್ದಿದೆ. ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಇಳಿಸ್ಬೇಕು. ಹೋಗಿ ಹೇಳಿ ಬಾ." ನಾನು ಹೋಗಲಿಲ್ಲ. ಅವಳೇ ಬಂದು ಕೇಳಲಿ ಎಂಬ ಹಟ ನನ್ನದು. ಅವನು ಕೇಳುತ್ತಲೇ ಹೋದ, ನಾನು ನಾಳೆ ನಾಳೆ ಎನ್ನುತ್ತಲೇ ಹೋದೆ. ಹದಿನೇಳನೆಯ ದಿನ ಬೆಳಿಗ್ಗೆ ಇಂಜಿನ್ ಮೂರು ಸಲ ಕೆಮ್ಮಿ ನಿಂತಿತು, ಮತ್ತೆ ಚಾಲೂ ಆಯಿತು. ಏನಾದರೂ ಹೇಳುತ್ತಾನೆಂದು ಕಾದು, ಹತ್ತಿರ ಹೋಗಿ ನೋಡಿದೆ. ಹೇಳುವವನು ಇರಲಿಲ್ಲ.

ಯಜಮಾನ ಹೂವಿನ ಹಾರ ಕಳಿಸಿದ. ಅದನ್ನು ಬಾಗಿಲಿಂದ ಒಳಗೆ ತರಲು ನಾನು ಬಿಡಲಿಲ್ಲ. ದೋಣಿಯಕ್ಕ ಬರಿಗೈಯಲ್ಲಿ ಬಂದು ಅವನ ಕಾಲ ಬಳಿ ಸಂಜೆಯವರೆಗೂ ಕುಳಿತಿದ್ದಳು. ಆ ದಿನ ಜನ ಸುತ್ತು ದಾರಿ ಹಿಡಿದು ಕೆಲಸಕ್ಕೆ ಹೋದರು. ಎದ್ದು ಹೊರಟವಳಿಗೆ ತಳದ ತಿರುಪಿನ ವಿಷಯ ಹೇಳಿದೆ.

ಇದೆಲ್ಲ ಕಳೆದು ಹನ್ನೊಂದು ವರ್ಷ. ಈಗ ಅಲ್ಲಿ ಸೇತುವೆಯಾಗಿದೆ. ಯಜಮಾನ ಗೋದಾಮು ಮಾರಿ ಬೇರೆ ಊರು ಸೇರಿದ್ದಾನೆ. ದೋಣಿಯಕ್ಕ ಹೋದ ತಿಂಗಳು ತನ್ನ ದೋಣಿಯನ್ನು ಗುಜರಿಗೆ ಕೊಟ್ಟು, ನೇರವಾಗಿ ನಮ್ಮ ಮನೆಗೆ ಬಂದಳು. "ಈಗ ನಡೆದಿದ್ದೆಲ್ಲ ಬರಿ ತಂಗಿ," ಎಂದಳು. "ಇನ್ನು ನನ್ನ ಹತ್ರ ಕಿತ್ಕೊಳ್ಳೋಕೆ ಏನೂ ಇಲ್ಲ." ಅವಳಿಗೆ ನಾನು ಕುರ್ಚಿ ಕೊಟ್ಟೆ. ಕ್ಷಮಿಸಿದೆನೆಂದು ಹೇಳಲಿಲ್ಲ, ಅವಳೂ ನನ್ನನ್ನು ಹಾಗೇನೂ ಕೇಳಲಿಲ್ಲ.

ಧಕ್ಕೆಯಲ್ಲಿ ಇಂದಿಗೂ ಯಾರಾದರೂ ಕದ್ದು ಸಿಕ್ಕಿಬಿದ್ದರೆ 'ಡೀಸೆಲ್ ಮೇಸ್ತ್ರಿ ಕೆಲಸ' ಎನ್ನುತ್ತಾರಂತೆ. ಹಾಗೆನ್ನುವವರು ನಮ್ಮ ಮನೆಗೆ ಬರಬಹುದು. ಪುಸ್ತಕಗಳು ಆ ಹಲಗೆಯ ಮೇಲೆಯೇ ಇವೆ. ಒಂಬತ್ತನೆಯದರ ಕೊನೆಯ ಬರಹ ಬೆಂಕಿಯ ಹಿಂದಿನ ದಿನದ್ದು. ಅದನ್ನು ಇದ್ದಂತೆಯೇ ಇಲ್ಲಿ ನಕಲು ಮಾಡುತ್ತೇನೆ.

'ಮೂರನೆಯ ಸಾಲು, ಕೆಳಗಿನ ಅಂತಸ್ತು, ದೋಣಿಯಕ್ಕನ ದೋಣಿ. ತಳದ ಸದ್ದು ಗಟ್ಟಿ. ಎಡಗಡೆಯ ಹಗ್ಗ ಸವೆದಿತ್ತು, ಬದಲಾಯಿಸಿದೆ. ಹಲಗೆಯಲ್ಲಿ ಸಣ್ಣ ಬಿರುಕು, ನಾಳಿದ್ದು ಮೆತ್ತಬೇಕು. ಟ್ಯಾಂಕ್ ಕಂಠಪೂರ್ತಿ.'

ಕೊನೆಯ ಎರಡು ಪದಗಳ ಕೆಳಗೆ ಗೆರೆಯಿದೆ.